ಐದು ಒತ್ತಿನ ಪೆಡಲು

ಹೊಲಿಗೆ ಯಂತ್ರಗಳ ದುರಸ್ತಿ ಮಾಡುವ ಅವನನ್ನು ಮಾರುಕಟ್ಟೆಯವರೆಲ್ಲ ರಿಪೇರಿಯಣ್ಣ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುವಳು. ಬಟ್ಟೆ ಅಂಗಡಿಗಳ ಸಾಲಿನ ಹಿಂದೆ, ಮೆಟ್ಟಿಲಡಿಯ ಒಂದು ಕೋಣೆ ಅವನ ಅಂಗಡಿ. ಗೋಡೆಯ ಮೊಳೆಗಳಿಗೆ ತೂಗುಹಾಕಿದ ಬೆಲ್ಟುಗಳು, ಖಾಲಿ ಮಾತ್ರೆ ಡಬ್ಬಿಗಳಲ್ಲಿ ಅಳತೆಗೆ ತಕ್ಕಂತೆ ಬೇರೆ ಮಾಡಿಟ್ಟ ತಿರುಪುಗಳು, ಕಾಲಿಟ್ಟರೆ ಸಾಕು ಮೂಗಿಗೆ ಬರುವ ಯಂತ್ರದ ಎಣ್ಣೆ. ಒಂದು ಯಂತ್ರ ಸರಿಹೋಯಿತು ಎಂದು ಅವನ ಬಾಯಿಂದ ಬರಬೇಕಾದರೆ, ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದಿಂದ ಒಂದು ಮೊಳ ಹೊಲಿದು, ಭೂತಗನ್ನಡಿ ಹಿಡಿದು ನೋಡಿ, ಒಂದು ಹೊಲಿಗೆಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವೂ ಇಲ್ಲವೆಂದು ಖಾತ್ರಿಯಾಗಬೇಕು.

"ಅಣ್ಣಾ, ಅಂಗಿ ಹಾಕ್ಕೊಳ್ಳೋರು ಯಾರಾದ್ರೂ ಭೂತಗನ್ನಡಿ ಇಟ್ಕೊಂಡು ನೋಡ್ತಾರಾ?" ಎಂದು ದರ್ಜಿಗಳು ನಗುತ್ತಿದ್ದರು.

"ನಾನು ನೋಡ್ತೀನಲ್ಲ, ಸಾಲದಾ?" ಎನ್ನುತ್ತಿದ್ದ.

ಈ ವಿದ್ಯೆ ತಂದೆಯಿಂದ ಬಂದದ್ದು. ತಂದೆ ತೀರಿಕೊಂಡಾಗ ಎರಡು ದೊಡ್ಡ ಯಂತ್ರಗಳು ಉಳಿದಿದ್ದವು. ಅಣ್ಣನಿಗೊಂದು, ತಮ್ಮನಿಗೊಂದು ಎಂದಾಯಿತು. ಎರಡನ್ನೂ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದವನು ರಿಪೇರಿಯಣ್ಣನೇ. ತಮ್ಮ ತನ್ನ ಪಾಲಿನ ಯಂತ್ರವನ್ನು ಲಾರಿಗೆ ಹೇರಿಸಿಕೊಂಡು ಬೇರೆ ಊರಿಗೆ ಹೋದ. ಒಂದು ತಿಂಗಳು ತುಂಬುವ ಮೊದಲೇ ಅದರ ಒಳದಂಡ ಮುರಿಯಿತು. ದಂಡದಲ್ಲಿ ಹಳೆಯ ಬಿರುಕೊಂದು ಇತ್ತು. ಭೂತಗನ್ನಡಿಯ ಕಣ್ಣಿಗೂ ಅದು ಬಿದ್ದಿರಲಿಲ್ಲ. ಗೊತ್ತಿರಲಿಲ್ಲ ಎಂದು ಅವನು ಹೇಳಿದರೂ ನಂಬುವವರು ಯಾರು? ತಮ್ಮ ಬಂದು ಅಂಗಡಿಯ ಬಾಗಿಲಲ್ಲೇ ನಿಂತು, "ಗೊತ್ತಿದ್ದೂ ಗೊತ್ತಿದ್ದೂ ಒಡಕು ಮಷಿನ್ ನನ್ನ ತಲೆಗೆ ಕಟ್ಟಿದೆ. ಮೋಸಗಾರ" ಎಂದು ಹೇಳಿ ಹೋದ. ಅದಾಗಿ ಹನ್ನೊಂದು ವರ್ಷ. ಮುಖಕ್ಕೆ ಮುಖ ಕೊಟ್ಟು ಇಬ್ಬರೂ ಮಾತನಾಡಿಲ್ಲ.

ಅದರ ಮರುವರ್ಷ ರಿಪೇರಿಯಣ್ಣನ ಬಲಗೈ ಓಡುವ ಬೆಲ್ಟಿಗೆ ಸಿಕ್ಕಿತು. ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೆ ಹೋದವು. "ತಮ್ಮನ ಮನೆಗೆ ತಿಳೀಬಾರದು" ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡ. ಅಯ್ಯೋ ಪಾಪ ಎನ್ನಿಸಿಕೊಂಡು ಸರಿಹೋಗುವ ಸಂಬಂಧ ಅವನಿಗೆ ಬೇಕಿರಲಿಲ್ಲ. ಗಂಡಂದಿರು ಮಾತು ಬಿಟ್ಟರೂ ವಾರಗಿತ್ತಿಯರು ಫೋನು ಬಿಟ್ಟಿರಲಿಲ್ಲ. ಆದರೂ ಹೆಂಡತಿ ಈ ಒಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಳು.

ಆ ಫೋನಿನಲ್ಲೇ ಒಂದು ದಿನ ಸುದ್ದಿ ಬಂತು. ತಮ್ಮ ಸಂಜೆಯಾದರೆ ಕಂಪ್ಯೂಟರಿನ ಮುಂದೆ ಕೂತು ಯಾವುದೋ ಆಟ ಆಡುತ್ತಾನಂತೆ. ನಾಲ್ಕು ನಾಲ್ಕು ಜನರ ತಂಡಗಳು ಒಂದು ದ್ವೀಪಕ್ಕೆ ಇಳಿದು ಗುಂಡು ಹಾರಿಸುವ ಆಟ. ಎಲ್ಲೆಲ್ಲಿಯ ಜನರೋ ಸೇರಿ, ಮೈಕಿನಲ್ಲಿ ಮಾತನಾಡಿಕೊಳ್ಳುತ್ತ ಆಡುತ್ತಾರೆ. ಅಲ್ಲಿ ಅವನ ಹೆಸರು ಬಾಬಿನ್ ಅಂತೆ. ಹೊಲಿಗೆ ಯಂತ್ರದ ಹೊಟ್ಟೆಯೊಳಗೆ ದಾರ ಸುತ್ತಿಡುವ ಪುಟ್ಟ ಗಾಲಿಯ ಹೆಸರು. ರಿಪೇರಿಯಣ್ಣ ಕೇಳಿಯೂ ಕೇಳದವನಂತೆ ಅನ್ನ ಕಲಸಿದ. ಮರುವಾರ ಮನೆಗೆ ಒಂದು ಹಳೆಯ ಕಂಪ್ಯೂಟರ್ ಬಂತು. ಸೂಜಿ ಎಂದು ಹೆಸರಿಟ್ಟುಕೊಂಡು, ಬಾಬಿನ್ ಇದ್ದ ತಂಡವನ್ನೇ ಹುಡುಕಿ ಸೇರಿಕೊಂಡ.

ಆದರೆ ಅರ್ಧ ಬೆರಳಿನಲ್ಲಿ ಮೌಸಿನ ಗುಂಡಿಯನ್ನು ಬೇಗ ಬೇಗ ಒತ್ತುವುದು ಹೇಗೆ? ಅವನು ತನ್ನ ಕಸುಬಿಗೇ ಮೊರೆಹೋದ. ಹೊಲಿಗೆ ಯಂತ್ರದ ಪೆಡಲೊಂದನ್ನು ತಂದು ಮೇಜಿನ ಕೆಳಗಿಟ್ಟ. ಮಾರುಕಟ್ಟೆಯ ಕಂಪ್ಯೂಟರ್ ಅಂಗಡಿಯಾಕೆ ಅದಕ್ಕೆ ತಂತಿ ಜೋಡಿಸಿಕೊಟ್ಟಳು. ಒಂದು ಸಲ ತುಳಿದರೆ ಐದು ಒತ್ತು. ಒತ್ತಿಗೂ ಒತ್ತಿಗೂ ನಡುವಿನ ಅಂತರ ಎಳ್ಳಷ್ಟೂ ಏರುಪೇರಾಗದಂತೆ ಮೂರು ದಿನ ಕೂತು ಸರಿಮಾಡಿದ. ಗುರಿ ಹಿಡಿಯುವುದು ಎಡಗೈ, ಗುಂಡು ಹಾರಿಸುವುದು ಬಲಗಾಲು.

ಆಡತೊಡಗಿದ ಮೂರನೆಯ ದಿನವೇ ತಮ್ಮನಿಗೆ ದನಿಯ ಗುರುತು ಹತ್ತಿತು. ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟ. ರಿಪೇರಿಯಣ್ಣ ಪೆಡಲಿನಿಂದ ಕಾಲು ತೆಗೆದ. ಆಮೇಲೆ, "ಎಡಗಡೆ ಗೋಡೆ ಹಿಂದೆ ಒಬ್ಬ ಇದಾನೆ, ನೋಡು" ಎಂದ ತಮ್ಮ. ಅಷ್ಟೇ. ಅಣ್ಣಾ ಎನ್ನಲಿಲ್ಲ, ಎದ್ದು ಹೋಗಲೂ ಇಲ್ಲ. ಅಂದಿನಿಂದ ಎಂಟು ವರ್ಷ ಅದೇ ನಡೆಯಿತು. ಆಟದ ಮಾತಲ್ಲದೆ ಬೇರೆ ಮಾತಿಲ್ಲ. ಎಷ್ಟೋ ಸಲ ತಂಡದವರಿಗೆ ತಮ್ಮ, "ನಮ್ಮ ಸೂಜಿ ಕೈ ನೋಡ್ರೋ, ಒಂದು ಗುಂಡು ವ್ಯರ್ಥ ಇಲ್ಲ" ಎನ್ನುವನು. ಆ ದಿನ ರಿಪೇರಿಯಣ್ಣ ಎರಡು ತುತ್ತು ಹೆಚ್ಚು ಉಣ್ಣುವನು.

ಕಾದಾಟ ಮುಗಿದ ಮೇಲೆ ಇಬ್ಬರೂ ದೋಣಿಗೆ ಹೋಗುತ್ತಿದ್ದರು. ಅದೇ ಆಟದಲ್ಲಿ ಒಂದು ಹೊಳೆ, ಹೊಳೆಯಲ್ಲಿ ಸರಕು ಸಾಗಿಸುವ ದೋಣಿ. ಅಲ್ಲಿ ಗುಂಡಿಲ್ಲ, ಪೆಡಲೂ ಬೇಡ. ಒಬ್ಬ ಚುಕ್ಕಾಣಿ ಹಿಡಿದರೆ ಇನ್ನೊಬ್ಬ ದಾರಿ ಹೇಳಬೇಕು. ಅಲ್ಲಿ ತಮ್ಮನ ದನಿ ಸ್ವಲ್ಪ ಸಡಿಲವಾಗುತ್ತಿತ್ತು. ಒಮ್ಮೆ, "ಈ ದೋಣಿ ಸದ್ದು ಥೇಟ್ ಅಪ್ಪನ ಮಷಿನ್ ಥರಾನೇ" ಎಂದಿದ್ದ. ರಿಪೇರಿಯಣ್ಣ ದಾರಿ ಹೇಳುವುದನ್ನೇ ಮರೆತ, ದೋಣಿ ದಡಕ್ಕೆ ತಾಗಿತು.

ಹೀಗಿರುವಾಗ ಆಟದ ಕಂಪನಿಯವರು ಹಳೆಯದನ್ನು ಮುಚ್ಚಿ ಹೊಸ ಆಟ ತರುವುದಾಗಿ ಸಾರಿದರು. ತಿಂಗಳುಗಟ್ಟಲೆ ಜಾಹೀರಾತು. ಅದರಲ್ಲಿ ಹೊಳೆ ಇನ್ನೂ ಅಗಲವಾಗಿತ್ತು, ದೋಣಿಗೆ ಹಾಯಿ ಬಂದಿತ್ತು. ಬಿಡುಗಡೆಯ ದಿನ ಶನಿವಾರ, ಸಂಜೆ ಐದು ಗಂಟೆ. ರಿಪೇರಿಯಣ್ಣ ನಾಲ್ಕಕ್ಕೇ ಅಂಗಡಿ ಮುಚ್ಚಿ ಬಂದ. ಪರದೆಯ ಮೇಲೆ ಮಾರುದ್ದದ ಷರತ್ತುಗಳ ಪಟ್ಟಿ ಬಂತು. ಓದದೆ ಒಪ್ಪಿಗೆ ಎಂದು ಒತ್ತಿದ. ತಂಡದ ನಾಲ್ವರೂ ಸೇರಿದರು. ಇನ್ನಿಬ್ಬರು ಯಾವುದೋ ಕಾಲೇಜಿನವರು.

"ದೋಣಿ ಎಲ್ಲಿ?" ಎಂದ ರಿಪೇರಿಯಣ್ಣ.

"ಕಿತ್ತಾಕಿದಾರೆ. ಕೆಲಸ ಮುಗಿದಿಲ್ವಂತೆ. ಮುಂದೆ ಬರುತ್ತಂತೆ" ಎಂದ ತಮ್ಮ.

"ಮುಂದೆ ಅಂದ್ರೆ?"

"ಮುಂದೆ ಅಂದ್ರೆ ಮುಂದೆ."

"ಮದುವೆಗೆ ಕರೆದು, ಊಟ ಬರೋ ವರ್ಷ ಅಂದಂಗಾಯ್ತು" ಎಂದ ಕಾಲೇಜಿನವನೊಬ್ಬ. ಎಲ್ಲರೂ ನಕ್ಕರು. ತಮ್ಮನೂ ನಕ್ಕಿದ್ದು ರಿಪೇರಿಯಣ್ಣನಿಗೆ ಕೇಳಿಸಿತು. ಅದೇ ಹುಮ್ಮಸ್ಸಿನಲ್ಲಿ ದ್ವೀಪಕ್ಕೆ ಇಳಿದ. ಒಂದು ಸಲ ಪೆಡಲು ತುಳಿದ, ಎರಡು ಸಲ ತುಳಿದ. ಹತ್ತು ನಿಮಿಷವೂ ಆಗಿರಲಿಲ್ಲ, ಪರದೆ ಬೂದಿಬಣ್ಣಕ್ಕೆ ತಿರುಗಿ ಒಂದು ಸಾಲು ಮೂಡಿತು. ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಕಾರಣ: ಮೋಸ.

ಹೆಂಡತಿ ಚಹಾ ತಂದವಳು ಪರದೆಯನ್ನೂ ಗಂಡನ ಮುಖವನ್ನೂ ನೋಡಿದಳು. "ಕರೆಂಟ್ ಹೋಯ್ತಾ?"

"ನಾನು ಹೋದೆ" ಎಂದ.

ಕಂಪ್ಯೂಟರ್ ಅಂಗಡಿ ಇನ್ನೂ ತೆರೆದಿತ್ತು. ಅಂಗಡಿಯಾಕೆ ಎಲ್ಲವನ್ನೂ ಕೇಳಿ ತಲೆಯಾಡಿಸಿದಳು. "ಹೊಸ ಆಟದ ಜೊತೆ ಒಂದು ಕಾವಲು ಪ್ರೋಗ್ರಾಮನ್ನೂ ಕಳಿಸಿದಾರೆ ಅಣ್ಣಾ. ನಿಮ್ಮ ಕಂಪ್ಯೂಟರ್ ಒಳಗೇ ಕೂತು ಒಂದೊಂದು ಒತ್ತನ್ನೂ ಲೆಕ್ಕ ಇಡುತ್ತೆ. ಮನುಷ್ಯರ ಬೆರಳಾದ್ರೆ ಒಂದ್ಸಲ ಬೇಗ, ಒಂದ್ಸಲ ತಡ. ನಿಮ್ಮದು ಒಂದ್ಸಲವೂ ತಪ್ಪಲಿಲ್ಲ. ಯಂತ್ರ ಇಟ್ಕೊಂಡು ಆಡೋ ಕಳ್ಳ ಅಂದ್ಕೊಂಡಿದೆ."

"ಸರಿಯಾಗಿರೋದೇ ತಪ್ಪಾಯ್ತಾ?"

"ಅದರ ಕಣ್ಣಿಗೆ ಹೌದು."

"ಹಾಗಾದ್ರೆ ಸ್ವಲ್ಪ ಅಡ್ಡಾದಿಡ್ಡಿ ಒತ್ತೋ ಹಾಗೆ ಮಾಡಿದ್ರೆ? ಬೇರೆ ಹೆಸರಲ್ಲಿ ಹೋದ್ರೆ?"

"ಹೆಸರು ಬದಲಾದ್ರೂ ಕಂಪ್ಯೂಟರ್ ಗುರುತು ಬದಲಾಗಲ್ಲ. ಮತ್ತೆ ಅಣ್ಣಾ, ಹಾಗೆ ಮಾಡಿದ್ರೆ ಅದೇ ಅಲ್ವಾ ನಿಜವಾದ ಮೋಸ?"

ಅವನಿಗೆ ಅದು ಮೊದಲೇ ಹೊಳೆದಿತ್ತು. ಆದರೂ ಕೇಳಿ ಆಗಿತ್ತು. "ಈ ಮೋಸ ಅನ್ನೋ ಸಾಲು ನನಗೊಬ್ಬನಿಗೇ ಕಾಣೋದಾ?" ಎಂದ.

ಆಕೆ ಕೌಂಟರಿನ ಮೇಲಿದ್ದ ತಂತಿಯನ್ನು ಸುಮ್ಮನೆ ಸುತ್ತತೊಡಗಿದಳು. "ಎಲ್ಲರಿಗೂ ಕಾಣುತ್ತೆ. ಕೆಂಪಕ್ಷರದಲ್ಲಿ, ಹೆಸರು ಸಮೇತ."

ಆಟ ಹೋದರೆ ಹೋಗಲಿ. ಆ ಮಾತನ್ನು, ಅದೇ ಒಂದು ಮಾತನ್ನು, ತಮ್ಮ ಓದಿರುತ್ತಾನೆ.

ಅಂಗಡಿಯಾಕೆ ಅಲ್ಲೇ ಕೂತು ಕಂಪನಿಗೆ ಮನವಿ ಬರೆದುಕೊಟ್ಟಳು. ಬೆರಳಿಲ್ಲ, ಅದಕ್ಕಾಗಿ ಪೆಡಲು, ದಯವಿಟ್ಟು ಒಂದು ಸಲ ಪರಿಶೀಲಿಸಿ ಎಂದು. ಬಲಗೈಯ ಚಿತ್ರ ತೆಗೆದು ಜೊತೆಗಿಟ್ಟಳು. ನಾಲ್ಕೇ ನಿಮಿಷಕ್ಕೆ ಉತ್ತರ ಬಂತು. ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ತೀರ್ಮಾನದಲ್ಲಿ ಬದಲಾವಣೆಯಿಲ್ಲ. ಇನ್ನೊಂದು ಬರೆದರು. ಅದೇ ನಾಲ್ಕು ನಿಮಿಷ, ಅಕ್ಷರ ಬದಲಾಗದ ಅದೇ ಉತ್ತರ.

"ಇದನ್ನ ಓದೋರು ಯಾರಾದ್ರೂ ಇದಾರಾ?"

"ಇದ್ದಿದ್ರೆ ಇಷ್ಟು ಬೇಗ ಓದ್ತಿರ್ಲಿಲ್ಲ" ಎಂದು ಆಕೆ ಕೈಚೆಲ್ಲಿದಳು.

ಭಾನುವಾರವೆಲ್ಲ ಅವನು ಮನೆಯೊಳಗೆ ಶತಪಥ ತಿರುಗಿದ. ಸಂಜೆ ಹೆಂಡತಿಗೆ ತಡೆಯಲಾಗಲಿಲ್ಲ. ವಾರಗಿತ್ತಿಗೆ ಫೋನು ಮಾಡಿ ಮೈದುನನ ನಂಬರು ಕೇಳಿ, ತಾನೇ ಒತ್ತಿ, ಫೋನನ್ನು ಗಂಡನ ಕೈಗೆ ತುರುಕಿದಳು. "ಮಾತಾಡಿ. ಅವನೇನು ನಿಮ್ಮನ್ನ ತಿನ್ನಲ್ಲ."

"ಯಾರು?" ಎಂದ ತಮ್ಮ.

"ನಾನು."

"ಹೇಳು."

"ನಾನು ಮೋಸ ಮಾಡ್ಲಿಲ್ಲ ಕಣೋ."

"ಗೊತ್ತು. ಆ ಕಾಲೇಜಿನವರ ಹತ್ರ ನಿನ್ನೆಯಿಂದ ಅದೇ ಜಗಳ. ನಮ್ಮ ಸೂಜಿ ಏನೂ ಇಟ್ಕೊಂಡಿರಲ್ಲ, ಅವನ ಕೈಯೇ ಹಾಗೆ, ನಾನು ಚಿಕ್ಕಂದಿನಿಂದ ನೋಡಿದೀನಿ ಅಂತ ಹೇಳಿದೆ. ಚಿಕ್ಕಂದಿನಿಂದ ಅಂದ್ರೆ ಹೇಗೆ ಅಂತ ಕೇಳಿದ್ರು. ನಮ್ಮಣ್ಣ ಅಂದೆ."

ರಿಪೇರಿಯಣ್ಣ ಗೋಡೆಗೆ ಒರಗಿದ. ಹನ್ನೊಂದು ವರ್ಷದಿಂದ ಕೇಳದ ಮಾತು. ಇಲ್ಲಿಗೇ ನಿಲ್ಲಿಸಿ ಫೋನು ಇಟ್ಟಿದ್ದರೆ ಆಗುತ್ತಿತ್ತು. ಆದರೆ ಹೊಲಿಗೆಯ ಒಂದು ಎಳೆ ಓರೆಯಾದರೂ ಯಂತ್ರವನ್ನು ಆಚೆ ಕಳಿಸಿದವನಲ್ಲ ಅವನು.

"ಇಟ್ಕೊಂಡಿದ್ದೆ" ಎಂದ.

"ಏನು?"

"ಪೆಡಲು. ಮಷಿನ್ದೇ. ಒಂದ್ಸಲ ತುಳಿದ್ರೆ ಐದು ಒತ್ತು. ಮೊದಲಿಂದಲೂ ಅದ್ರಲ್ಲೇ ಆಡಿದ್ದು. ಬಲಗೈಲಿ ಎರಡು ಬೆರಳು ಇಲ್ಲ ಕಣೋ. ಬೆಲ್ಟಿಗೆ ಸಿಕ್ತು."

"ಯಾವಾಗ?"

"ಹತ್ತು ವರ್ಷ ಆಯ್ತು."

"ಹತ್ತು ವರ್ಷ" ಎಂದ ತಮ್ಮ. "ನನಗ್ಯಾರೂ ಹೇಳ್ಲಿಲ್ಲ."

"ನಾನೇ ಬೇಡ ಅಂದಿದ್ದೆ."

"ಅಂದ್ರೆ ಎಂಟು ವರ್ಷ ನಾನು ಹೊಗಳಿದ್ದು ಪೆಡಲನ್ನ."

"ಗುರಿ ನಂದೇ ಕಣೋ. ಒತ್ತೋದೊಂದು ಮಾತ್ರ..."

"ಕೈ ಹೋಗಿದ್ದೂ ಹೇಳ್ಲಿಲ್ಲ, ಪೆಡಲು ಇದ್ದಿದ್ದೂ ಹೇಳ್ಲಿಲ್ಲ. ಮಷಿನ್ ಮುರಿದಾಗಲೂ ಬಿರುಕು ಇದ್ದಿದ್ದು ಗೊತ್ತಿರ್ಲಿಲ್ಲ ಅಂದಿದ್ದೆ ನೀನು. ಈಗ ಅದನ್ನ ನಾನು ಏನಂತ ನಂಬ್ಲಿ?" ತಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಿಪೇರಿಯಣ್ಣನಿಗೆ ಉತ್ತರ ಹುಡುಕಲು ಅನುಕೂಲವಾಗುತ್ತಿತ್ತು. "ನೋವಾಗುತ್ತಾ ಈಗ್ಲೂ?"

"ಚಳಿಗೆ ಒಂಚೂರು."

"ಹೂಂ."

ಆಚೆ ಕಡೆಯಿಂದ ಒಂದು ಗಂಟೆಯ ಸದ್ದು ಕೇಳಿಸಿತು. ತಂಡ ತುಂಬಿದಾಗ ಬಾರಿಸುವ ಆ ಗಂಟೆಯನ್ನು ಮಾತ್ರ ಹೊಸ ಆಟದಲ್ಲೂ ಬದಲಿಸಿರಲಿಲ್ಲ.

"ನಿನ್ನ ಜಾಗಕ್ಕೆ ನಾಲ್ಕನೆಯವನು ಸಿಕ್ಕಿದಾನೆ. ಯಾರೋ ಗೊತ್ತಿಲ್ಲ. ಇಡ್ತೀನಿ" ಎಂದ ತಮ್ಮ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. "ಏನಂದ?"

"ಆಟ ಶುರುವಾಯ್ತಂತೆ" ಎಂದು ಹೇಳಿ ಅವನು ಫೋನನ್ನು ಅವಳ ಕೈಗೆ ಕೊಟ್ಟ.