ಅಲುಗಿದ ಕೈ

ನನ್ನ ಮೊಮ್ಮಗಳು ಪದ್ಮ ತೆಗೆದ ಫೋಟೋ ಮೈಸೂರಿನ ವಸ್ತುಪ್ರದರ್ಶನದ ಗೋಡೆ ಏರಿದೆ! ಇವತ್ತು ಬೆಳಿಗ್ಗೆ ಟಪಾಲಿನವನು ಕಾರ್ಡು ಕೊಟ್ಟು ಹೋದ. ನಾನು ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ಮಗ ತಾಳಲಾರದೆ ಕಿತ್ತುಕೊಂಡು ಗಟ್ಟಿಯಾಗಿ ಓದಿದ. ಆಮೇಲೆ ಇನ್ನೊಮ್ಮೆ ಓದಿಸಿದೆ. ಆಮೇಲೆ ಕಾರ್ಡನ್ನು ಜೇಬಿಗಿಟ್ಟುಕೊಂಡು ತರೀಕೆರೆ ಪೇಟೆಯಲ್ಲಿ ಒಂದು ಸುತ್ತು ಹಾಕಿ, ಕ್ಷೌರದವನಿಂದ ಹಿಡಿದು ಕಾಫಿ ಹೋಟೆಲಿನವರ ತನಕ ಯಾರನ್ನೂ ಬಿಡದೆ ಹೇಳಿಬಂದೆ. ಹದಿನೇಳು ವರ್ಷದ ಹುಡುಗಿ, ದೊಡ್ಡ ದೊಡ್ಡ ಫೋಟೋಗ್ರಾಫರುಗಳ ಸಾಲಿನಲ್ಲಿ!

ಚಿತ್ರದಲ್ಲಿರುವುದು ನನ್ನ ಹೆಂಡತಿ. ರಾಗಿ ಬೀಸುತ್ತಿದ್ದಾಳೆ. ಬೀಸುವ ಕಲ್ಲಿನ ಗೂಟ ಹಿಡಿದ ಕೈ ಪೂರ್ತಿ ಮಸುಕು, ಹೊಗೆ ಸುತ್ತಿದ ಹಾಗೆ. ಆ ಕೈಯೇ ಚಿತ್ರದ ಜೀವ ಅಂತ ಕಾರ್ಡಿನಲ್ಲಿ ಬರೆದಿದ್ದಾರೆ. ಪದ್ಮಳೋ, ಕೈ ಅಲುಗಿ ಕೆಟ್ಟುಹೋಯಿತು ಎಂದು ಅದನ್ನು ಹರಿಯಲು ಹೊರಟಿದ್ದವಳು.

"ನೀನು ತಡೀದೆ ಇದ್ದಿದ್ರೆ ಒಲೆಗೆ ಹೋಗ್ತಿತ್ತು ತಾತ. ಯಾಕೆ ತಡೆದೆ?" ಎಂದು ಕೇಳಿದಳು.

ಯಾಕೆ ಅಂದರೆ, ಅಂಥದೇ ಒಂದು ಅಲುಗಿದ ಕೈಯಿಂದ ನಾನು ಬದುಕಿ ಉಳಿದವನು. ಮಗಳೇ, ಅದು ರಕ್ತ ಹರಿದ ಕಥೆ. ಹೇಳುತ್ತೇನೆ. ನಾನು ಓದಿರುವುದು ಎರಡನೇ ಕ್ಲಾಸು. ಬರಹದಲ್ಲಿ ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅದು ೧೯೧೯ನೇ ಇಸವಿ, ಇನ್‌ಫ್ಲುಯೆಂಜಾ ಜ್ವರ ಬಂದುಹೋದ ಮರುವರ್ಷ. ತರೀಕೆರೆಯಲ್ಲಿ ನನ್ನದೊಂದು ಫೋಟೋ ಅಂಗಡಿ ಇತ್ತು. ಅಂಗಡಿ ಎಂದರೆ ಹಿತ್ತಲಿಗೆ ಕಟ್ಟಿದ ಬಿಳಿ ಬಟ್ಟೆಯ ಡೇರೆ, ಒಂದು ಕುರ್ಚಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮರದ ಕ್ಯಾಮೆರಾ. ಆಗ ಫಿಲ್ಮು ನಮ್ಮ ಕಡೆ ಬಂದಿರಲಿಲ್ಲ. ಮದ್ದು ಬಳಿದ ಗಾಜಿನ ಪ್ಲೇಟಿನ ಮೇಲೆ ಚಿತ್ರ ಮೂಡಬೇಕು. ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚಬೇಕು. ಅದಕ್ಕೆ ಎಕ್ಸ್‌ಪೋಷರ್ ಎನ್ನುತ್ತಾರೆ. ಅಷ್ಟು ಹೊತ್ತು ಕೂತವರು ಕಲ್ಲಿನಂತೆ ಕೂರಬೇಕು. ಒಂಚೂರು ಅಲುಗಿದರೂ ಆ ಭಾಗ ಮಸುಕಾಗುತ್ತಿತ್ತು.

ಆದರೆ ನನ್ನ ಕ್ಯಾಮೆರಾದ ಮುಂದೆ ಕೂರುತ್ತಿದ್ದವರಲ್ಲಿ ಹೆಚ್ಚಿನವರು ಅಲುಗುತ್ತಿರಲಿಲ್ಲ. ಅವರು ಸತ್ತವರು. ಬದುಕಿದ್ದಾಗ ಪಟ ತೆಗೆಸಿಕೊಂಡರೆ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಜನ ಹೆದರುತ್ತಿದ್ದ ಕಾಲ. ಪ್ರಾಣ ಹೋದ ಮೇಲೆ ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ಕರೆದೊಯ್ಯುತ್ತಿದ್ದರು. ಹೆಣಕ್ಕೆ ಸ್ನಾನ ಮಾಡಿಸಿ, ಕುರ್ಚಿಯ ಬೆನ್ನಿಗೆ ಪಂಚೆಯಿಂದ ಬಿಗಿದು, ಕೊರಳಿಗೆ ಹಾರ ಹಾಕಿ ಕೂರಿಸುತ್ತಿದ್ದರು. ನಾನು ತೆಗೆದು, ಕಾಗದದ ಮೇಲೆ ಚಿತ್ರ ಬಂದ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದುಕೊಡುತ್ತಿದ್ದೆ. ಜ್ವರದ ವರ್ಷವಂತೂ ಬರೆದು ಬರೆದು ನನ್ನ ಕಣ್ಣೇ ಉರಿಯುತ್ತಿತ್ತು.

ಕಡೂರಿನಲ್ಲಿ ಇದೇ ಕಸುಬಿನ ಕರೀಂ ಸಾಬರು ನನ್ನ ಗೆಳೆಯರು. ಅವರೊಂದು ದಿನ ಬಂದು ಕೂತವರೇ ಅಂದರು: "ಅರೆ ರಂಗಣ್ಣ, ಇನ್ನೂ ಎಷ್ಟು ದಿನ ಹೆಣಕ್ಕೆ ಕಣ್ಣು ಬರೀತೀಯ? ಬದುಕಿರೋರ ಪಟ ಗೋಡೆಗೆ ಹಾಕಿ ಜನಕ್ಕೆ ತೋರಿಸೋಣ. ಭಯ ಹೋಗ್ತದೆ."

ಅಜ್ಜಂಪುರದ ಸ್ಟೇಷನ್ ಹತ್ತಿರ ಅರಳೆ ತುಂಬುವ ಗೋದಾಮೊಂದು ಅರ್ಧ ಖಾಲಿ ಇತ್ತು. ಸಂತೆಯ ದಿನಕ್ಕೆ ಅದನ್ನು ಕೇಳಿ ಪಡೆದೆವು. ಅವರವು ಅಷ್ಟು, ನನ್ನವು ಅಷ್ಟು, ಎಲ್ಲಾ ಗಾಜು ಹಾಕಿದ ಚೌಕಟ್ಟಿನ ಫೋಟೋಗಳು. ಎಲ್ಲಾ ಜೀವಂತ ಜನ.

ಸಂತೆಗೆ ನಾಲ್ಕು ದಿನ ಮುಂಚೆ ನನ್ನ ಡೇರೆಗೆ ಹಾಲಪ್ಪ ಎಂಬ ಹುಡುಗ ಬಂದ. ಅಂತರಘಟ್ಟೆ ಕಡೆಯವನು, ಬೀರೂರು ಸ್ಟೇಷನ್ನಿನಲ್ಲಿ ಹಳಿ ರಿಪೇರಿಯ ಗ್ಯಾಂಗ್ ಕೂಲಿ. ಜ್ವರದಲ್ಲಿ ತೀರಿಹೋದ ಅವನ ಅಪ್ಪನ ಪಟ ತೆಗೆದವನು ನಾನೇ. ಅಪ್ಪನ ತಿಥಿ ಮುಗಿದ ಸ್ವಲ್ಪ ದಿನಕ್ಕೆ ಅಣ್ಣ ಮಲ್ಲೇಶಿಗೂ ಇವನಿಗೂ ಎತ್ತಿನ ವಿಷಯಕ್ಕೆ ಜಗಳವಾಗಿ, ಅಣ್ಣ ಬಾರುಕೋಲಿನಲ್ಲಿ ಮೈ ಸುಲಿಯುವಂತೆ ಹೊಡೆದಿದ್ದ. ಹಾಲಪ್ಪ ಹೆಂಡತಿಗೂ ಹೇಳದೆ ಮನೆ ಬಿಟ್ಟಿದ್ದ. ಆಗಲೇ ತಿಂಗಳುಗಳಾಗಿದ್ದವು. ಇವನಿಗೆ ಬರಹ ಬಾರದು, ಮನೆಯವರಿಗೆ ಓದು ಬಾರದು, ಒಂದು ಕಾಗದವೂ ಹೋಗಿರಲಿಲ್ಲ.

"ಊರಿಗೆ ಹೋಗಾಕೆ ಮೊಕ ಇಲ್ಲ ಕಣಣ್ಣ," ಅಂದ. "ನನ್ ಪಟ ತೆಗ್ದು ಅಜ್ಜಂಪುರ್ದಾಗೆ ಹಾಕು. ನಮ್ಮೋರು ಸಂತೆಗೆ ಬಂದೇ ಬತ್ತಾರೆ. ನೋಡಿ, ಬದುಕವ್ನೆ ಅಂತ ತಿಳ್ಕಳ್ಲಿ. ಮಿಕ್ಕಿದ್ದು ಆಮ್ಯಾಲೆ."

ಹೊಸ ಅಂಗಿ ಹಾಕಿಕೊಂಡು ಕೂತ. ಮುಚ್ಚಳ ತೆಗೆದೆ. ಮುಖವೇನೋ ಗಟ್ಟಿಯಾಗಿ ಹಿಡಿದ, ಆದರೆ ಬಲಗೈ ಮಂಡಿಯ ಮೇಲೆ ತಾಳ ಹಾಕುತ್ತಲೇ ಇತ್ತು. ಚಿತ್ರದಲ್ಲಿ ಕೈ ಇರುವ ಜಾಗದಲ್ಲಿ ಒಂದು ಮಸುಕು ಮುದ್ದೆ ಮಾತ್ರ ಬಂತು. ಇದನ್ನು ತೋರಿಸಿದರೆ ನಗುತ್ತಾರೆ ಎಂದೆ. ಕರೀಂ ಸಾಬರು, "ಮುಖ ಬಂದಿದೆಯಲ್ಲ, ಮನೆಯವರಿಗೆ ಅಷ್ಟು ಸಾಕು" ಎಂದು ತಾವೇ ಗೋದಾಮಿನ ಬಾಗಿಲಿನ ಪಕ್ಕಕ್ಕೆ, ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದರು.

ಸಂತೆಯ ದಿನ ಬಾಗಿಲು ತೆರೆಯಲು ಬೀರೂರಿನ ಮಂಡಿ ಸಾಹುಕಾರರೊಬ್ಬರನ್ನು ಕರೆಸಿದ್ದೆವು. ಅವರಿಗೆ ದಪ್ಪನೆಯ ಸೇವಂತಿಗೆ ಹಾರ ಹಾಕಿದೆವು. ನಮ್ಮಲ್ಲಿ ದೊಡ್ಡ ಮನುಷ್ಯರು ಹಾಕಿದ ಹಾರವನ್ನು ಕೊರಳಲ್ಲಿ ಇಟ್ಟುಕೊಳ್ಳುವುದಿಲ್ಲ, ಕೂಡಲೇ ತೆಗೆಯುವುದೇ ಮರ್ಯಾದೆ. ಅವರೂ ತೆಗೆದರು. ಇಡಲು ಮೇಜಿರಲಿಲ್ಲ. ಕೈಗೆ ಸಿಕ್ಕಿದ ಮೊಳೆಗೆ ಸಿಕ್ಕಿಸಿ, ಎರಡು ಒಳ್ಳೆಯ ಮಾತಾಡಿ, ರೈಲಿಗೆ ಹೊತ್ತಾಯಿತೆಂದು ಹೊರಟರು. ಆ ಮೊಳೆ ಹಾಲಪ್ಪನ ಚಿತ್ರದ್ದು. ನಾವಿಬ್ಬರೂ ಅವರನ್ನು ಕಳಿಸುವ ಗಡಿಬಿಡಿಯಲ್ಲಿ ಅದನ್ನು ನೋಡಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಗೋದಾಮು ತುಂಬಿತ್ತು. ಜನ ತಮ್ಮ ಗುರುತಿನವರನ್ನು ಗೋಡೆಯ ಮೇಲೆ ಕಂಡು ಕೇಕೆ ಹಾಕುತ್ತಿದ್ದರು. ನಾನು ಹಿಗ್ಗಿಹೋಗಿದ್ದೆ. ಆಗ ಬಾಗಿಲ ಹತ್ತಿರ ಒಂದು ಕಿರುಚು ಕೇಳಿಸಿತು. ಕರುಳು ಕಿತ್ತು ಬಂದ ಹಾಗೆ. ಹಾಲಪ್ಪನ ಹೆಂಡತಿ ಗೌರಿ ಚಿತ್ರದ ಮುಂದೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಿಂತಿದ್ದಳು. ಅವಳ ಅತ್ತೆ ನೆಲಕ್ಕೆ ಬಿದ್ದು ಎದೆ ಬಡಿದುಕೊಳ್ಳುತ್ತಿದ್ದಳು. ಹಿಂದಿನಿಂದ ಜನರನ್ನು ತಳ್ಳಿಕೊಂಡು ಮಲ್ಲೇಶಿ ನುಗ್ಗಿದ. ಗಾಡಿ ಹೊಡೆದುಕೊಂಡು ಬಂದವನ ಕೈಯಲ್ಲಿ ಬಾರುಕೋಲು ಇತ್ತು.

"ಯಾವನ್ಲಾ ಇದನ್ನ ತೂಗಾಕ್ದೋನು?" ಎಂದು ಕೂಗಿ ನನ್ನ ಮುಖ ನೋಡಿದ. ಗುರುತು ಹತ್ತಿತು. "ನಮ್ಮಪ್ಪನ್ನೂ ಹಿಂಗೇ ಕುಂಡ್ರಿಸಿ ತೆಗ್ದೋನು ನೀನೇ ಅಲ್ವೇನ್ಲಾ? ಈಗ ನನ್ ತಮ್ಮನ್ ಹೆಣ! ಮನೇರಿಗೆ ಒಂದ್ ಮಾತು ಹೇಳ್ದಂಗೆ ಸಂತ್ಯಾಗೆ ತೋರಿಸ್ತೀಯಾ?"

"ಹೆಣ ಅಲ್ಲ ಕಣಪ್ಪ! ಜೀವಂತ ಅವ್ನೆ, ಬೀರೂರಾಗೆ ಕೂಲಿ ಮಾಡ್ತಾವ್ನೆ!"

"ಹಂಗಾರೆ ಹಾರ ಯಾಕ್ಲಾ?"

ತಿರುಗಿ ನೋಡಿದೆ. ಆಗಲೇ ನನಗೆ ಆ ಹಾರ ಕಂಡದ್ದು. ಕುರ್ಚಿ, ನೆಟ್ಟಗಿನ ಬೆನ್ನು, ತೆರೆದ ಕಣ್ಣು, ಹಾರ. ಸುತ್ತಿನ ಹಳ್ಳಿಗಳಲ್ಲಿ ನಾನೇ ತೆಗೆದುಕೊಟ್ಟ ಎಲ್ಲಾ ಹೆಣಗಳ ಹಾಗೆಯೇ ಹಾಲಪ್ಪ ಕೂತಿದ್ದ. ಹಾರ ತೆಗೆಯಲು ಕೈ ಚಾಚಿದೆ. ಅದನ್ನೇ ಅವರು ತಪ್ಪಿನ ಒಪ್ಪಿಗೆ ಎಂದುಕೊಂಡರು.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ಬೆನ್ನಿಗೆ. ಮಲ್ಲೇಶಿಯ ಊರಿನವರು ಗೋಡೆಗೆ ಕೈ ಹಾಕಿ ಚೌಕಟ್ಟುಗಳನ್ನು ಕಿತ್ತು ಕಿತ್ತು ನೆಲಕ್ಕೆ ಬಡಿದರು. ನಗುತ್ತಿದ್ದ ಮುಖಗಳು ಗಾಜಿನ ಚೂರುಗಳ ಕೆಳಗೆ ಸೇರಿದವು. ನನ್ನನ್ನು ಬಿಡಿಸಲು ಅಡ್ಡ ಬಂದ ಕರೀಂ ಸಾಬರಿಗೆ ಯಾರೋ ಜನಕ್ಕೆ ತೋರಿಸಲು ತಂದಿಟ್ಟಿದ್ದ ನಮ್ಮ ಕ್ಯಾಮೆರಾದ ಸ್ಟ್ಯಾಂಡನ್ನೇ ಎತ್ತಿ ಹೊಡೆದರು. ಹಣೆ ಸೀಳಿ, ರಕ್ತ ಗಡ್ಡದಿಂದ ತೊಟ್ಟಿಕ್ಕಿತು. "ಯಾ ಅಲ್ಲಾ" ಎಂದು ಕುಸಿದರು. ನಾನು ಕ್ಯಾಮೆರಾ ಉಳಿಸಲು ಬಗ್ಗಿದೆ. ಎಡಗೈ ಗಾಜಿನ ಮೇಲೆ ಊರಿತು, ಅದರ ಮೇಲೆ ಒಂದು ಎಕ್ಕಡದ ಕಾಲು ಬಂತು. ಮೂಳೆ ಮುರಿದದ್ದು ನೋವಾಗುವ ಮುಂಚೆ ಸದ್ದಾಗಿ ಕೇಳಿಸಿತು.

ಬಾಗಿಲಲ್ಲಿ ಇನ್ನೂ ಘೋರವಾದದ್ದು ನಡೆಯುತ್ತಿತ್ತು. "ಗಂಡ ಸತ್ತು ಹಾರ ಹಾಕಿಸ್ಕೊಂಡವ್ನೆ, ಇವ್ಳು ಬಳೆ ಇಕ್ಕಂಡು ನಿಂತಾಳೆ! ಹಿಡೀರ್ರೇ ಕೈಯ!" ಎಂದು ಮನೆತನದ ಒಬ್ಬ ಮುದುಕಿ ಕೂಗಿದಳು. ಹೆಂಗಸರು ಗೌರಿಯನ್ನು ಎಳೆದು ಕೂರಿಸಿ, ಎಡಗೈಯನ್ನು ಹೊಸಿಲಿನ ಕಲ್ಲಿಗೆ ಕುಕ್ಕಿದರು. ಹಸಿರು ಬಳೆ ಪುಡಿಯಾಗಿ ಮಣಿಕಟ್ಟಿನ ಒಳಗೇ ಹೋಯಿತು. ಅವಳು ಕಚ್ಚಿದಳು, ಒದ್ದಳು. ಬಲಗೈ ಹಿಡಿದು ಎಳೆಯುವಾಗ ಅವಳ ಮುಖದ ಪಕ್ಕದಲ್ಲೇ, ಗಾಜೊಡೆದು ಬಿದ್ದ ಗಂಡನ ಚಿತ್ರ ಇತ್ತು.

"ಕೈ!" ಎಂದು ಕಿರುಚಿದಳು. "ಕೈ ನೋಡ್ರೇ! ಬಿಡ್ರೇ ನನ್ನ, ಅವ್ನ ಕೈ ನೋಡ್ರೇ!"

ಮುದುಕಿ ಹಿಡಿತ ಬಿಡಲಿಲ್ಲ. ಗೌರಿ ಅವಳ ಎದೆಗೆ ತಲೆಯಿಂದ ಗುದ್ದಿ, ಚಿತ್ರ ಎತ್ತಿಕೊಂಡು ಮಲ್ಲೇಶಿಯ ಮೂಗಿಗೆ ಹಿಡಿದಳು. ರಕ್ತ ಚಿತ್ರದ ಮೇಲೆಲ್ಲಾ ಇಳಿಯುತ್ತಿತ್ತು.

"ಬಾವ, ಮನ್ಯಾಗಿರೋ ಮಾವನ್ ಪಟ ನೋಡಿಲ್ವಾ ನೀನು? ಉಗುರು ಉಗುರೂ ಎಣಿಸ್ಬೋದು. ಇಲ್ನೋಡು. ಉಣ್ಣೋವಾಗ್ಲೂ ಮಂಡಿ ಮ್ಯಾಲೆ ತಾಳ ಹಾಕ್ತಿರ್ತಾನಲ್ಲ, ಅದೇ ಇದು. ಹೆಣದ ಕೈ ಅಲ್ಲಾಡ್ತದಾ? ಹೇಳು, ಅಲ್ಲಾಡ್ತದಾ?"

ಮಲ್ಲೇಶಿ ಆ ಮಸುಕನ್ನು ನೋಡಿದ. ಎತ್ತಿದ್ದ ಬಾರುಕೋಲು ಇಳಿಸಿದ. ಸಾಹುಕಾರರ ಹಾರದ ಸಂಗತಿಯನ್ನು ನಾನು ಬಿದ್ದಲ್ಲಿಂದಲೇ ಹೇಳಿದೆ. ಅವನು ನಂಬಲೂ ಇಲ್ಲ, ಬಿಡಲೂ ಇಲ್ಲ. ಎತ್ತಿನ ಹಗ್ಗದಿಂದ ನನ್ನನ್ನು ಗೋದಾಮಿನ ಕಂಬಕ್ಕೆ ಬಿಗಿದ.

"ಸಂಜೆ ರೈಲ್ನಾಗೆ ಅವ್ನು ಇಳೀಬೇಕು. ಇಳೀಲಿಲ್ವೋ, ಈ ಅರಳೆ ಜೊತೆಗೇ ನಿನ್ನೂ ಸುಡ್ತೀನಿ."

ಬರಿಯ ಬೆದರಿಕೆಯಲ್ಲ ಅದು. ಒಬ್ಬ ಆಗಲೇ ಸೀಮೆಎಣ್ಣೆ ಡಬ್ಬ ತಂದಿಟ್ಟಿದ್ದ. ಕರೀಂ ಸಾಬರು ಹಣೆಗೆ ರುಮಾಲು ಬಿಗಿದುಕೊಂಡು ಸ್ಟೇಷನ್ನಿಗೆ ಓಡಿದರು. ಸ್ಟೇಷನ್ ಮಾಸ್ತರು ಬೀರೂರಿಗೆ ತಂತಿ ಹೊಡೆದರು: ಗ್ಯಾಂಗಿನ ಹಾಲಪ್ಪನನ್ನು ಸಂಜೆ ಗಾಡಿಗೆ ಹತ್ತಿಸಿ ಎಂದು. ಉತ್ತರ ಬರಲಿಲ್ಲ. ಹೊತ್ತು ಇಳಿಯಿತು. ನನ್ನ ಕೈ ಬೂದುಗುಂಬಳದ ಹಾಗೆ ಊದಿತ್ತು. ಎದುರಿಗೆ ಗೌರಿ, ಒಂದು ಕೈ ಬೋಳು, ಒಂದು ಕೈ ತುಂಬ ಬಳೆ, ಆ ಬಳೆಯ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದಳು. ಮುದುಕಿ ಸುಳಿದಾಗಲೆಲ್ಲ ಹುಲಿಯ ಹಾಗೆ ನೋಡುತ್ತಿದ್ದಳು.

ರೈಲು ಬಂತು. ಕಂಬದಿಂದ ಬಿಚ್ಚಿ, ಹಗ್ಗದ ತುದಿ ಹಿಡಿದೇ ನನ್ನನ್ನು ಪ್ಲಾಟ್‌ಫಾರಂಗೆ ಎಳೆದುಕೊಂಡು ಹೋದರು. ಯಾರು ಯಾರೋ ಇಳಿದರು. ಹಾಲಪ್ಪ ಇಲ್ಲ. ಗಾರ್ಡು ಸೀಟಿ ಊದಿದ. ನನ್ನ ಹಗ್ಗ ಜಗ್ಗಿತು. ಅಷ್ಟರಲ್ಲಿ ತೀರಾ ಕೊನೆಯ ಡಬ್ಬಿಯಿಂದ, ಗುದ್ದಲಿಯ ಮಣ್ಣು ಇನ್ನೂ ಮೈಮೇಲಿದ್ದ ಹುಡುಗನೊಬ್ಬ ಪ್ಲಾಟ್‌ಫಾರಂ ಇಲ್ಲದ ಹಳಿಯ ಕಡೆಗೆ ಧುಮುಕಿ, ರೈಲಿನ ಹಿಂದಿನಿಂದ ಸುತ್ತಿಕೊಂಡು ಓಡಿ ಬಂದ.

ಮಲ್ಲೇಶಿ ನನ್ನ ಹಗ್ಗ ಬಿಟ್ಟ. ಹೋದವನೇ ತಮ್ಮನ ಕೆನ್ನೆಗೆ ಬಾರಿಸಿದ. ಇನ್ನೊಂದು ಬಾರಿಸಿದ. ಹಾಲಪ್ಪನ ತುಟಿ ಒಡೆಯಿತು. "ಸತ್ತೋದೆ ಅನ್ಕಂಡೆ ಕಣಲೇ! ನಾನೇ ಹೊಡ್ದು ಸಾಯಿಸ್ದೆ ಅನ್ಕಂಡೆ ಕಣಲೇ!" ಎಂದು ಹೊಡೆಯುತ್ತಲೇ ಅಳುತ್ತಿದ್ದ. ಕೊನೆಗೆ ಬಾರುಕೋಲನ್ನು ಮಂಡಿಗೆ ಕೊಟ್ಟು ಮುರಿದು ಹಳಿಯ ಮೇಲೆ ಎಸೆದು, ತಮ್ಮನ ಕಾಲ ಹತ್ತಿರ ಕೂತುಬಿಟ್ಟ.

ಗೌರಿ ಅಳಲಿಲ್ಲ. ಗಂಡನ ಬಲಗೈ ಹಿಡಿದುಕೊಂಡಳು. "ಅಳೋದೆಲ್ಲ ಆಮ್ಯಾಲೆ. ಬಳೆಗಾರ ಗಂಟು ಕಟ್ಟೋ ಮುಂಚೆ ನಡಿ, ಈ ಕೈಗೆ ತೊಡಿಸು," ಅಂದಳು. ರಕ್ತ ಒಣಗಿದ ಕೈಗೇ ಬಳೆ ತೊಡಿಸಿಕೊಂಡು ಸಂತೆ ಬಿಟ್ಟಳು.

ನನ್ನ ಎಡಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಕ್ಯಾಮೆರಾ ಹೇಗೋ ಉಳಿಯಿತು, ಚೌಕಟ್ಟುಗಳಲ್ಲಿ ಒಂದೂ ಉಳಿಯಲಿಲ್ಲ. ಆದರೆ ಮುಂದಿನ ವಾರ ಮಲ್ಲೇಶಿಯೇ ಮನೆಮಂದಿಯನ್ನೆಲ್ಲಾ ಗಾಡಿಯಲ್ಲಿ ತುಂಬಿಕೊಂಡು ತರೀಕೆರೆಗೆ, ನನ್ನ ಡೇರೆಗೆ ಬಂದ. "ಎಲ್ರೂ ಬದುಕಿದೀವಿ, ತೆಗಿ. ಅಲ್ಲಾಡ್ದೆ ಕೂರ್ಬೇಕಾ?" ಎಂದು ಕೇಳಿದ. "ಅಲ್ಲಾಡ್ರಪ್ಪ," ಎಂದೆ. ಅವರನ್ನು ನೋಡಿ ಬೇರೆಯವರು ಬಂದರು. ಹೆಣಕ್ಕೆ ಕಣ್ಣು ಬರೆಯುವ ಕುಂಚ ಮೆಲ್ಲಗೆ ಒಣಗಿತು. ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟೇ: ಚಿತ್ರದಲ್ಲಿ ಕೆಟ್ಟುಹೋಯಿತು ಅನ್ನಿಸುವ ಜಾಗವನ್ನು ಹರಿಯುವ ಮುಂಚೆ ಇನ್ನೊಮ್ಮೆ ನೋಡಬೇಕು. ಮನುಷ್ಯ ಉಸಿರಾಡುತ್ತಿರುವುದು ಅಲ್ಲೇ ಇದ್ದೀತು.

ಇವತ್ತು ಸಂಜೆ ಹೊತ್ತು ಮುಳುಗುವ ಮುಂಚೆಯೇ ಅಂಗಳದಲ್ಲಿ ಎಲೆ ಹಾಕಿಸಿದೆ. ಬೆಳಕು ಬೇಕಲ್ಲ, ಪದ್ಮ ಫೋಟೋ ತೆಗೆಯಬೇಕಂತೆ. ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳು, ಕಡೂರಿನಿಂದ ಸುದ್ದಿ ಕೇಳಿ ಓಡಿಬಂದ ಕರೀಂ ಸಾಬರು, ಎಲ್ಲರೂ ಒಂದೇ ಸಾಲು. ಹೋಳಿಗೆ ಬಡಿಸುತ್ತಿದ್ದ ನನ್ನ ಹೆಂಡತಿ, "ಮೈಸೂರಿನಾಗೆ ನನ್ ಕೈ ಮಾತ್ರ ಕಾಣಲ್ವಂತೆ, ಅದನ್ನೇ ಹೊಗಳವ್ರಂತೆ!" ಎಂದು ಹುಸಿಮುನಿಸು ತೋರಿಸಿದಳು. ಕರೀಂ ಸಾಬರು ಹಣೆಯ ಗಾಯದ ಗುರುತು ಉಜ್ಜಿಕೊಂಡು ನಕ್ಕರು. ಪದ್ಮ ಕ್ಯಾಮೆರಾವನ್ನು ಒರಳಿನ ಮೇಲಿಟ್ಟು, "ಬೆಳಕು ಕಮ್ಮಿ, ಎಲ್ರೂ ಅಲುಗದೆ ಕೂತ್ಕೊಳ್ಳಿ" ಎಂದಳು. ಎಲ್ಲರೂ ತುತ್ತು ಹಿಡಿದ ಕೈ ಹಾಗೆಯೇ ನಿಲ್ಲಿಸಿ ಕಲ್ಲಾದರು.

ನನಗೆ ತಡೆಯಲಾಗಲಿಲ್ಲ. "ಲೇ ಮಗಾ, ಅದೇನು ಮಾತು? ಉಣ್ರೋ ಎಲ್ಲಾ, ಉಣ್ರೋ!" ಎಂದು ಕೂಗಿದೆ.

ಎಲ್ಲಾ ಕೈಗಳೂ ಒಟ್ಟಿಗೇ ಎಲೆಯಿಂದ ಬಾಯಿಗೆ ಏಳತೊಡಗಿದವು.