ಬಣ್ಣ ತಿದ್ದುವ ಆಪಾ

ಅವರ ಬೆರಳ ತುದಿಗಳು ಒಂದು ದಿನ ಹಸಿರಾಗಿದ್ದರೆ ಇನ್ನೊಂದು ದಿನ ಗುಲಾಬಿ. ಮನೆಯಲ್ಲಿ ತಲೆಮಾರುಗಳಿಂದ ಬಟ್ಟೆಗೆ ಬಣ್ಣ ಹಾಕುವ ಕೆಲಸ. ಬೆಳಿಗ್ಗೆ ದುಪಟ್ಟಾ ಅದ್ದಿ ಒಣಹಾಕಿ, ಮಧ್ಯಾಹ್ನ ಬಸವಕಲ್ಯಾಣದ ತಮ್ಮನ ಸ್ಟುಡಿಯೋಕ್ಕೆ ಬಂದು ಅದೇ ಕೈಯಲ್ಲಿ ಮೌಸ್ ಹಿಡಿಯುತ್ತಿದ್ದರು. ಫೋಟೊ ತೆಗೆಯುವವನು ತಮ್ಮ, ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವವರು ಇವರು. ಊರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿತ್ತು. ಎದುರಿಗೆ ನಾನೂ ಹಾಗೇ ಕರೆಯುತ್ತಿದ್ದೆ. ಹಿಂದಿನಿಂದ ಏನೆನ್ನುತ್ತಿದ್ದೆ ಎಂಬುದನ್ನು ಬರೆಯಲಾರೆ.

ಹುಮನಾಬಾದಿನಲ್ಲಿ ನನ್ನದೂ ಒಂದು ಸ್ಟುಡಿಯೋ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ರೀಲು ಹೋಗಿ ಡಿಜಿಟಲ್ ಬಂತು. ನನ್ನ ಕ್ಯಾಮೆರಾ ಅವರದಕ್ಕಿಂತ ಹೊಸದು. ಹೈದರಾಬಾದಿನಲ್ಲಿ ಹದಿನೈದು ದಿನ ಕೂತು ಫೋಟೊ ತಿದ್ದುವುದನ್ನು ಕಲಿತು ಬಂದವನು ನಾನು. ಆದರೂ ನಮ್ಮೂರಿನವರೇ ಮದುವೆ ಫೋಟೊಕ್ಕೆ ಕಲ್ಯಾಣದ ಬಸ್ಸು ಹತ್ತುತ್ತಿದ್ದರು. ನನ್ನ ಹೆಂಡತಿ ಕೂಡ ಮಗಳ ತೊಟ್ಟಿಲ ಫೋಟೊ ನೋಡಿ, ಒಮ್ಮೆ ಆಪಾಗೆ ತೋರಿಸಬಾರದೇ ಎಂದಳು. ಆ ದಿನ ಊಟ ಬಿಟ್ಟು ಎದ್ದೆ.

ರಾಜೇಶ್ವರ ಎಂಬ ಹಳ್ಳಿಯ ಒಂದು ಮದುವೆ ನನ್ನ ಸೊಕ್ಕು ಇಳಿಸಿತು. ಹಸಿರು ಶಾಮಿಯಾನದ ಕೆಳಗೆ ತೆಗೆದ ಚಿತ್ರಗಳಲ್ಲಿ ಎಲ್ಲರ ಮುಖವೂ ಹಸಿರು. ನಾನು ಕೆಂಪು ಏರಿಸುತ್ತ ಹೋದೆ, ಮುಖಗಳು ಹಳದಿಗೆ ತಿರುಗಿದವು. ಮದುಮಗಳ ತಾಯಿ ಆಲ್ಬಂ ಮಡಚಿಟ್ಟು, "ನಮ್ಮ ಹುಡುಗಿಗಿ ಕಾಮಾಲಿ ಆಗಿದ್ದಿಲ್ಲರಿ" ಎಂದರು.

ಸಿಡಿ ಹಿಡಿದು ಕಲ್ಯಾಣಕ್ಕೆ ಹೋದೆ. ಗೆಳೆಯನೊಬ್ಬ ತೆಗೆದದ್ದು ಎಂದು ಸುಳ್ಳು ಹೇಳಿದೆ. ಯಾವ ಗೆಳೆಯನೆಂದು ಆಪಾ ಕೇಳಲಿಲ್ಲ. ಪರದೆಯ ಮೇಲೆ ಹಸಿರಿಗೆ ಕೆಂಪು ಸೇರಿದರೆ ಹಳದಿಯಾಗುತ್ತದೆ, ಹಸಿರು ಹೋಗಬೇಕಾದರೆ ಅದರ ಎದುರಿನ ಗಾಢ ಗುಲಾಬಿ ಬೇಕು ಎಂದು ತೋರಿಸಿದರು. ಚಿತ್ರದಲ್ಲಿ ನಿಜಕ್ಕೂ ಬೆಳ್ಳಗಿರಬೇಕಾದದ್ದು ಯಾವುದೆಂದು ಹುಡುಕಿ, ಮದುಮಗಳ ತಂದೆಯ ಧೋತರವನ್ನು ಆರಿಸಿ, ಅದು ಬೆಳ್ಳಗಾಗುವವರೆಗೆ ಸ್ವಲ್ಪಸ್ವಲ್ಪವೇ ತಿದ್ದಿದರು. ಧೋತರ ಬೆಳ್ಳಗಾದಂತೆ ಮುಖಗಳು ತಾವಾಗಿ ಸರಿಹೋದವು. ಹುಡುಗಿ ಕಪ್ಪಗಿದ್ದಳು. ಇನ್ನಷ್ಟು ಬಿಳಿ ಮಾಡಿ ಎಂದೆ. ಅವರು ಮೌಸಿನಿಂದ ಕೈ ತೆಗೆದರು.

"ಬಣ್ಣ ಕೆಟ್ಟಿದ್ದು ಬೆಳಕಿಂದ್ರಿ ಭಾಯಿ, ಹುಡುಗಿದಲ್ಲ."

ಆ ತಾಯಿ ಹೊಸ ಆಲ್ಬಮನ್ನು ಎದೆಗೊತ್ತಿಕೊಂಡು ಹೋದರು. ನನ್ನ ಹೊಟ್ಟೆಯ ಉರಿ ಇನ್ನೂ ಹೆಚ್ಚಾಯಿತು. ಆದರೂ ನೆಪ ಹುಡುಕಿ ತಿಂಗಳಿಗೊಮ್ಮೆ ಆಪಾ ಪಕ್ಕದಲ್ಲಿ ಕೂರತೊಡಗಿದೆ, ಕಲಿಯುತ್ತಿದ್ದೇನೆ ಎಂದು ಒಪ್ಪಿಕೊಳ್ಳದೆ.

ಕೆಲವು ವರ್ಷಗಳ ಮೇಲೆ ಅವರು ತಿದ್ದಿದ ಆಲ್ಬಂ ಒಂದು ನನ್ನ ಕೈಗೆ ಬಂತು. ಬಿಳಿ ಅಂಗಿಗಳಲ್ಲಿ ತೆಳುವಾದ ನೀಲಿ. ಮುಂದಿನದರಲ್ಲೂ ನೀಲಿ. ಕಣ್ಣಿನ ಪೊರೆ ತೆಗೆಸಿದ ದಿನ ನನ್ನ ತಂದೆ, ಗೋಡೆ ಇಷ್ಟು ಬೆಳ್ಳಗಿತ್ತೇ ಎಂದು ಬೆರಗಾಗಿದ್ದು ನೆನಪಾಯಿತು. ಆಪಾಗೂ ಪೊರೆ ಬಂದು ಎಲ್ಲ ಹಳದಿಯಾಗಿ ಕಾಣುತ್ತಿದೆ, ಇಲ್ಲದ ಹಳದಿಯನ್ನು ತೆಗೆಯಲು ಹೋಗಿ ಚಿತ್ರ ನೀಲಿಯಾಗುತ್ತಿದೆ ಎಂದು ಹೊಳೆಯಿತು. ನಾನು ಹೇಳಲಿಲ್ಲ. ಒಂದು ಇಡೀ ಮದುವೆ ಹಂಗಾಮು ಬಾಯಿ ಮುಚ್ಚಿಕೊಂಡು, ಅವರನ್ನು ಬಿಟ್ಟು ಬಂದ ಗಿರಾಕಿಗಳನ್ನು ನಗುನಗುತ್ತ ಒಳಗೆ ಕರೆದೆ.

ಕೊನೆಗೆ ಮುದುಕಿಯೊಬ್ಬಳು ತೀರಿಕೊಂಡ ಗಂಡನ ಫೋಟೊ ತಂದಳು, ಆಪಾ ತಿದ್ದಿದ್ದು, ಮುಖವೆಲ್ಲ ನೀಲಿ. ಜೀವ ಇದ್ದಾಗ ತೆಗೆಸಿದ್ದು, ಇದರಾಗ ಹೆಣದಂಗ ಕಾಣ್ತಾರ ಎಂದು ಅತ್ತಳು. ಅದನ್ನು ತಿದ್ದಿಕೊಟ್ಟೆ. ಮರುದಿನ ಕಲ್ಯಾಣಕ್ಕೆ ಹೋಗಿ ಆಪಾ ಒಬ್ಬರೇ ಇದ್ದಾಗ ಎಲ್ಲವನ್ನೂ ಹೇಳಿದೆ.

ಅವರು ಒಂದೊಂದೇ ಕಣ್ಣು ಮುಚ್ಚಿ ಪರದೆ ನೋಡಿದರು. "ನಿಮಗ ಯಾವಾಗ ತಿಳೀತ್ರಿ?"

"ದೀಪಾವಳಿ ಆದ ಮ್ಯಾಲ." ಇದನ್ನು ಹೇಳುವಾಗ ಕಡು ಬೇಸಿಗೆ ನಡೆದಿತ್ತು.

"ನಿಮ್ಮ ಕಣ್ಣು ತಯಾರಾಗ್ಯಾವ ಭಾಯಿ" ಎಂದರು. ಅಷ್ಟೇ.

ಆಪರೇಷನ್ ಆದ ಮೇಲೆ, ನೀಲಿಯಾಗಿ ಹೋದ ಆಲ್ಬಂಗಳನ್ನೆಲ್ಲ ಮನೆಮನೆಗೆ ಹೇಳಿಕಳಿಸಿ ತರಿಸಿಕೊಂಡು ಮತ್ತೆ ತಿದ್ದಿದರು. ಬಂದವರಿಗೆಲ್ಲ, ತಪ್ಪು ತಮ್ಮದೇ ಎಂದರು. ಗಿರಾಕಿಯ ಮುಂದೆ ಆ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಅದಕ್ಕೂ ಅವರ ಮೇಲೆ ಹೊಟ್ಟೆಕಿಚ್ಚಾಯಿತು.

ಮುಂದೆ ಅವರು ತೀರಿಕೊಂಡರು. ಮಣ್ಣಿಗೆ ಹೋದ ದಿನ ಅವರ ತಮ್ಮ ನನ್ನ ಎರಡೂ ಕೈ ಹಿಡಿದು, ಸುತ್ತ ನಿಂತ ನೆಂಟರಿಗೆ ಹೇಳಿದ: "ನಮ್ಮ ಆಪಾನ ಕಣ್ಣು ಉಳಿಸಿದವರು ಇವರೇ ನೋಡ್ರಿ. ಸಾಯೋತನಕ ನೆನಸ್ತಿದ್ದಳು."

ದೀಪಾವಳಿಯಿಂದ ಬೇಸಿಗೆಯವರೆಗೆ ನಾನು ಮುಚ್ಚಿಟ್ಟಿದ್ದನ್ನು ಆಪಾ ತಮ್ಮನಿಗೂ ಹೇಳಿರಲಿಲ್ಲ.