ಅರ್ಧ ಲೀಸು, ಅರ್ಧ ಬಾಡಿಗೆ

ಹೋದ ವಾರ ಸಹಕಾರ ನಗರದ ಕಾಫಿಪುಡಿ ಅಂಗಡಿಯ ಮುಂದೆ ನಿಂತಿದ್ದೆ. ಬೋರ್ಡಿನ ಮೇಲಿದ್ದ ರೇಟನ್ನು ಅಳಿಸಿ ಮತ್ತೆ ಬರೆದಿದ್ದರು. ನನ್ನ ಮುಂದಿದ್ದ ಹೆಂಗಸು ಅದನ್ನೇ ಸ್ವಲ್ಪ ಹೊತ್ತು ನೋಡಿ, ‘ಎಂಬತ್ತು-ಇಪ್ಪತ್ತು ಬೇಡ, ಈ ಸಲ ಅರವತ್ತು-ನಲವತ್ತು ಮಾಡ್ಕೊಡಿ’ ಎಂದಳು. ಅಂದರೆ ಕಾಫಿ ಅರವತ್ತು ಪಾಲು, ಚಿಕೋರಿ ನಲವತ್ತು ಪಾಲು. ಅಂಗಡಿಯವನು ಚಿಕೋರಿಯ ಡಬ್ಬ ತೆರೆದ. ಸೀದ ಬೆಲ್ಲದಂಥ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಅಲ್ಲಿರಲಿಲ್ಲ. ಯಶವಂತಪುರದ ಆ ಮನೆಯ ಕೆಳಗಿನ ಅಡುಗೆಮನೆಯಲ್ಲಿ, ನಮ್ಮ ಓನರಮ್ಮನ ಎದುರು ಕೂತಿದ್ದೆ...

ಓನರಮ್ಮ ಎಂದೇ ನಾನು ಅವರನ್ನು ಕರೆಯುತ್ತಿದ್ದದ್ದು. ಮನೆ ಓನರ್ ಎಂದ ಕೂಡಲೇ ಬೆಂಗಳೂರಿನ ಬಾಡಿಗೆಯವರ ಕಣ್ಣಿಗೆ ಕಟ್ಟುವುದು ನೀರಿನ ಮೋಟಾರಿಗೆ ಕಾವಲು ನಿಂತ, ನೆಂಟರು ಬಂದರೆ ತಲೆ ಎಣಿಸುವ ಒಂದು ಮುಖ. ಇವರು ಹಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೋಟಾರಿನ ಸ್ವಿಚ್ಚನ್ನು ಅವರು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನಮ್ಮ ಮನೆಗೆ ಬಂದ ನೆಂಟರನ್ನು ಎಣಿಸುತ್ತಲೂ ಇದ್ದರು. ಎಣಿಸಿ, ಅಷ್ಟು ಜನಕ್ಕೂ ಸಾಲುವಂತೆ ಮೊಸರು ಕಳಿಸುತ್ತಿದ್ದರು.

ಅವರಿಗೆ ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ‘ಎರಡು ಶಿಫ್ಟ್ ಮಧ್ಯೆ ಟೈಮ್ ಸಿಗ್ಲಿಲ್ಲ ಕಣೇ’ ಎನ್ನುತ್ತಿದ್ದರು. ಕೈಗಡಿಯಾರದ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ಫ್ಯಾಕ್ಟರಿ ಮುಚ್ಚಿದಾಗ ಕೈಗೆ ಬಂದ ದುಡ್ಡಿನಲ್ಲಿ ತಮ್ಮ ಮನೆಯ ಮೇಲೊಂದು ಮನೆ ಎಬ್ಬಿಸಿದ್ದರು. ಪೆನ್ಷನ್ ಬರುತ್ತದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದರು. ನಾವೂ ನಂಬಿದ್ದೆವು.

ಮದುವೆಯಾದ ಹೊಸತರಲ್ಲಿ ಆ ಮೇಲಿನ ಮನೆಯನ್ನು ನಾವು ಲೀಸಿಗೆ ಹಾಕಿಕೊಂಡೆವು. ಲೀಸ್ ಎಂದರೆ ಏನು ಎಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ, ಬೇರೆ ಊರಿನವರಿಗಾಗಿ ಹೇಳುತ್ತೇನೆ. ತಿಂಗಳ ಬಾಡಿಗೆ ಇಲ್ಲ. ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಓನರ್ ಕೈಗಿಡಬೇಕು, ಖಾಲಿ ಮಾಡುವ ದಿನ ಅಷ್ಟನ್ನೂ ಅವರು ವಾಪಸ್ ಕೊಡಬೇಕು. ನಡುವೆ ಆ ದುಡ್ಡಿಗೆ ಬರುವ ಬಡ್ಡಿಯೇ ಅವರ ಬಾಡಿಗೆ. ಬಾಡಿಗೆ ಉಳಿಯುತ್ತದಲ್ಲ ಎಂಬ ಖುಷಿಯಲ್ಲಿ ನಾನೂ ನನ್ನ ಯಜಮಾನರೂ ತೇಲಾಡಿದೆವು. ಇದ್ದಬದ್ದ ಉಳಿತಾಯ ಸೇರಿಸಿದರೂ ಸಾಲದೆ ಹೋದಾಗ ನನ್ನ ತವರಿನ ಒಡವೆಗಳನ್ನು ಬ್ಯಾಂಕಿನಲ್ಲಿ ಅಡ ಇಟ್ಟೆವು. ವರ್ಷದೊಳಗೆ ಬಿಡಿಸಿಕೊಳ್ಳೋಣ ಎಂಬುದು ಮಾತು. ಯಜಮಾನರಿಗೆ ಪೀಣ್ಯದಲ್ಲಿ ಕೆಲಸ, ನನಗೆ ಮತ್ತೀಕೆರೆಯ ಒಂದು ಪುಟ್ಟ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳು. ಎರಡು ಸಂಬಳ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆವು.

ಎರಡು ಸಂಬಳ ಇದ್ದಲ್ಲೇ ಇತ್ತು. ಮಿಕ್ಕದ್ದೆಲ್ಲ ಏರಿತು. ಸಿಲಿಂಡರ್ ಏರಿತು, ತೊಗರಿಬೇಳೆ ಏರಿತು, ಅಡುಗೆ ಎಣ್ಣೆಯಂತೂ ಕೇಳಲೇಬೇಡಿ. ಬಿಡಿಸಿಕೊಳ್ಳಬೇಕಾಗಿದ್ದ ಒಡವೆಗಳಿಗೆ ಬಡ್ಡಿ ಕಟ್ಟಿ, ಸಾಲವನ್ನು ಹೊಸದು ಮಾಡಿಸಿ ಬರುವುದೇ ಒಂದು ಅಭ್ಯಾಸವಾಯಿತು. ಮದುವೆ ಮನೆಗಳಿಗೆ ಹೋಗುವಾಗ ‘ಕುತ್ತಿಗೆಗೆ ಅಲರ್ಜಿ’ ಎಂದು ಹೇಳಿ ಹೇಳಿ, ನನಗೇ ಒಮ್ಮೊಮ್ಮೆ ಕುತ್ತಿಗೆ ಕೆರೆಯುತ್ತಿತ್ತು.

ಅದೇ ಹೊತ್ತಿಗೆ ಕೆಳಗಡೆ ಓನರಮ್ಮನ ಕಾಫಿ ಕಪ್ಪಾಗುತ್ತಾ ಬಂತು. ನಾವು ಮನೆ ನೋಡಲು ಬಂದ ದಿನ ಅವರು ಕೊಟ್ಟ ಕಾಫಿಯ ಘಮ ಗೇಟಿನವರೆಗೂ ಬಂದಿತ್ತು. ಆಮೇಲಾಮೇಲೆ ಅಗ್ಗದ ಚಿಕೋರಿಯ ಪಾಲು ಏರಿ, ಬಣ್ಣ ಜಾಸ್ತಿ, ರುಚಿ ಕಮ್ಮಿ. ಪೇಪರ್ ನಿಲ್ಲಿಸಿದರು, ‘ಕಣ್ಣು ಸರಿಯಿಲ್ಲ’ ಎಂದರು. ಮನೆಗೆಲಸದವಳನ್ನು ಬಿಡಿಸಿದರು, ‘ಕೈಕಾಲು ಆಡ್ಬೇಕಲ್ಲ’ ಎಂದರು. ನಾನು ಎಂಥ ದಡ್ಡಿ, ಎಲ್ಲವನ್ನೂ ನಂಬಿದೆ. ವಯಸ್ಸಾದಂತೆ ಜಿಪುಣತನ ಬರುತ್ತದೆ ಎಂದು ಯಜಮಾನರ ಹತ್ತಿರ ಆಡಿಕೊಂಡು ನಕ್ಕಿದ್ದೂ ಇದೆ.

ಗುಟ್ಟು ಒಡೆದದ್ದು ಬ್ಯಾಂಕಿನಲ್ಲಿ. ಶಾಲೆಗೆ ರಜೆ ಇದ್ದ ಒಂದು ದಿನ ಒಡವೆ ಸಾಲದ ಬಡ್ಡಿ ಕಟ್ಟಲು ಹೋಗಿದ್ದೆ. ಪಕ್ಕದ ಕೌಂಟರಿನಲ್ಲಿ ಬೆನ್ನು ಮಾಡಿ ನಿಂತಿದ್ದವರ ಸೀರೆ ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನುವಷ್ಟರಲ್ಲಿ ಅವರು ತಿರುಗಿದರು, ನಮ್ಮ ಓನರಮ್ಮ! ನಾನು ಕಂಬದ ಹಿಂದೆ ಸರಿದೆ. ಓನರಿಗೆ ಕೊಟ್ಟ ದುಡ್ಡು ಅಡ ಇಟ್ಟು ತಂದದ್ದು ಎಂದು ಓನರಿಗೇ ಗೊತ್ತಾದರೆ ಮರ್ಯಾದೆ ಏನಾಯಿತು? ಆದರೆ ಅವರು ನನ್ನನ್ನು ನೋಡಿ ನನಗಿಂತ ಗಾಬರಿಯಾಗಿದ್ದರು. ಕೈಯಲ್ಲಿದ್ದ ಎಫ್‌ಡಿ ಬಾಂಡನ್ನು ಸೆರಗಿನೊಳಗೆ ಸೇರಿಸಲು ನೋಡುತ್ತಿದ್ದರು. ಒಬ್ಬರನ್ನೊಬ್ಬರು ಹಿಡಿದುಹಾಕಿದ ಹಾಗಾಯಿತು. ಅವರೇ ಕೊನೆಗೆ, ‘ಬಾ, ಬೈಟು ಕಾಫಿ ಕುಡಿಯೋಣ’ ಎಂದರು.

ಮೂಲೆಯ ದರ್ಶಿನಿಯಲ್ಲಿ ನಿಂತುಕೊಂಡು ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡೆವು. ಪೆನ್ಷನ್ ಎಂಬುದು ಇರಲೇ ಇಲ್ಲ. ನಾವು ಕೊಟ್ಟ ಲೀಸಿನ ದುಡ್ಡನ್ನು ಹಾಗೆಯೇ ಎಫ್‌ಡಿ ಇಟ್ಟಿದ್ದರು, ಅದರ ಬಡ್ಡಿಯಲ್ಲೇ ಅವರ ಬದುಕು. ಪ್ರತಿ ಸಲ ಬಾಂಡು ಹೊಸದು ಮಾಡಿಸುವಾಗಲೂ ಬ್ಯಾಂಕಿನವರು ಬಡ್ಡಿ ಇಳಿದಿದೆ ಎನ್ನುತ್ತಿದ್ದರು. ಬಡ್ಡಿ ಇಳಿಯುತ್ತಿತ್ತು, ಸಾಮಾನಿನ ಬೆಲೆ ಏರುತ್ತಿತ್ತು, ಅವರು ನಡುವೆ ಸಿಕ್ಕಿಕೊಂಡಿದ್ದರು.

‘ನನ್ ಕಾಫಿ ಕಪ್ಪಗಾದ್ರೆ ಬಡ್ಡಿ ಇಳಿದಿದೆ ಅಂತ ತಿಳ್ಕೋ’ ಎಂದು ನಗಲು ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, ‘ಈ ಸಲ ನಿಮ್ ಲೀಸ್ ಮುಗಿದ್ರೆ ಮನೆ ಮಾರ್ಬಿಡೋಣ ಅಂತಿದೀನಿ. ನಾಗಸಂದ್ರಕ್ಕೆ ಬಂದ್ಬಿಡು ಅಂತಾನೆ ತಮ್ಮ’ ಎಂದರು.

ತಮ್ಮ ಕೆಟ್ಟವರೇನಲ್ಲ. ಆದರೆ ಓನರಮ್ಮ ಇಪ್ಪತ್ತು ದಾಟುವ ಮೊದಲೇ ದುಡಿಯಲು ನಿಂತವರು, ತಮ್ಮನನ್ನು ಓದಿಸಿದವರೂ ಅವರೇ. ‘ಅವನ ಮನೇಲಿ ಒಂದು ಲೋಟ ಬಿಸಿನೀರು ಬೇಕಂದ್ರೂ ಯಾರನ್ನಾದ್ರೂ ಕೇಳ್ಬೇಕು ಕಣೇ. ನಾನು ಯಾವತ್ತೂ ಯಾರನ್ನೂ ಕೇಳಿಲ್ಲ’ ಎಂದಾಗ ಅವರ ಕಣ್ಣು ತುಂಬಿತ್ತು. ಅವರು ಜಿಪುಣರು ಎಂದು ನಕ್ಕಿದ್ದೆನಲ್ಲ...

ನನಗೆ ಮೊದಲಿನಿಂದಲೂ ಬಾಯಿ ಸ್ವಲ್ಪ ಜೋರು, ಸಂಕಟವಾದರೆ ಇನ್ನೂ ಜೋರು. ನನ್ನ ಒಡವೆಯ ಕಥೆಯನ್ನೆಲ್ಲ ಅವರ ಮುಂದೆ ಸುರಿದೆ. ‘ನಿಮಗೆ ಅವರು ಕೊಡೋ ಬಡ್ಡಿಗೆ ಹತ್ತತ್ರ ಎರಡರಷ್ಟು ನನ್ನಿಂದ ಕಿತ್ಕೊಳ್ತಿದಾರೆ ಓನರಮ್ಮ. ಅದೇ ದುಡ್ಡಿಗೆ. ಅದೇ ಬ್ಯಾಂಕಲ್ಲಿ’ ಎಂದೆ.

ಅವರು ನನ್ನ ಮುಖ ನೋಡಿದರು. ಬ್ಯಾಂಕಿನ ಬಾಗಿಲ ಕಡೆ ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ದರ್ಶಿನಿಯ ಕ್ಯಾಷಿಯರ್ ತಿರುಗಿ ನೋಡುವಷ್ಟು ನಕ್ಕೆವು. ನನ್ನ ಒಡವೆ ಆ ಕೌಂಟರಿನಲ್ಲಿ, ಅದರ ಮೇಲೆ ತಂದ ದುಡ್ಡು ಈ ಕೌಂಟರಿನಲ್ಲಿ, ನಾವಿಬ್ಬರೂ ಒಂದೇ ಮನೆಯ ಮೇಲೆ ಕೆಳಗೆ ಕೂತು ಸೊರಗುತ್ತಿದ್ದೇವೆ.

ಮನೆಗೆ ನಡೆದು ಬರುವಷ್ಟರಲ್ಲಿ ಓನರಮ್ಮ ದಾರಿ ಹುಡುಕಿದ್ದರು. ಎಫ್‌ಡಿ ಅವಧಿ ಮುಗಿದಾಗ ನನ್ನ ಒಡವೆ ಸಾಲದ ಮೊತ್ತದಷ್ಟು ದುಡ್ಡನ್ನು ಅವರು ವಾಪಸ್ ಕೊಡುವುದು. ನಾನು ಒಡವೆ ಬಿಡಿಸಿಕೊಳ್ಳುವುದು. ಬ್ಯಾಂಕಿಗೆ ಕಟ್ಟುತ್ತಿದ್ದ ಬಡ್ಡಿಗಿಂತ ಸ್ವಲ್ಪ ಕಮ್ಮಿ ಮೊತ್ತವನ್ನು ತಿಂಗಳು ತಿಂಗಳು ಬಾಡಿಗೆ ಎಂದು ಅವರಿಗೆ ಕೊಡುವುದು. ಅದು ಅವರಿಗೆ ಬ್ಯಾಂಕು ಕೊಡುತ್ತಿದ್ದುದಕ್ಕಿಂತ ಜಾಸ್ತಿಯೇ. ಮಿಕ್ಕ ದುಡ್ಡು ಲೀಸಾಗಿ ಹಾಗೆಯೇ ಇರಲಿ. ಅರ್ಧ ಲೀಸು, ಅರ್ಧ ಬಾಡಿಗೆ.

ನನ್ನ ಯಜಮಾನರಿಗೆ ಅನುಮಾನ. ಓನರ್ ಆದವರು ತಾವಾಗಿಯೇ ದುಡ್ಡು ವಾಪಸ್ ಕೊಡುತ್ತಾರೆ ಎಂದರೆ ಏನೋ ಮಸಲತ್ತಿದೆ ಎಂದರು. ಮೂರು ಸಲ ಲೆಕ್ಕ ಹಾಕಿ, ಮಸಲತ್ತು ಸಿಗದೆ, ಬೇಜಾರು ಮಾಡಿಕೊಂಡು ಒಪ್ಪಿದರು. ಒಡವೆ ಬಿಡಿಸಿಕೊಂಡು ಬಂದ ದಿನ ಓನರಮ್ಮ ಎಲ್ಲವನ್ನೂ ನನಗೆ ಹಾಕಿಸಿ, ದೂರ ನಿಂತು ನೋಡಿ, ‘ಪರ್ವಾಗಿಲ್ಲ, ಮಿಸ್ಸು ಲಕ್ಷಣವಾಗೇ ಇದಾಳೆ’ ಎಂದರು. ಮನೆ ಮಾರುವ ಮಾತು ಅಲ್ಲಿಗೆ ನಿಂತಿತು.

ಕೊರೋನಾ ಬಂದು ಶಾಲೆ ಮುಚ್ಚಿದಾಗ ನನಗೆ ಅರ್ಧ ಸಂಬಳ. ತಿಂಗಳ ಮೊದಲ ದಿನ ಬಾಡಿಗೆ ಕೊಡಲು ಇಳಿದರೆ, ಅವರು ಅದರಲ್ಲಿ ಅರ್ಧ ತೆಗೆದುಕೊಂಡು ಅರ್ಧ ನನ್ನ ಕೈಗೇ ತುರುಕಿದರು. ಬ್ಯಾಂಕಿನ ಬಡ್ಡಿ ಇನ್ನಷ್ಟು ಇಳಿದಿದ್ದ ಕಾಲ ಅದು. ಅವರಿಗೆ ಆ ಅರ್ಧ ಎಷ್ಟು ಮುಖ್ಯವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎಂದರೆ ಬಾಗಿಲು ಹಾಕಿಕೊಂಡರು. ಆಗಿನಿಂದ ಒಂದೇ ಸಿಲಿಂಡರಿನಲ್ಲಿ ಎರಡು ಮನೆಯ ಅಡುಗೆ ಶುರುವಾಯಿತು. ಈರುಳ್ಳಿ, ಆಲೂಗಡ್ಡೆಯನ್ನು ಎಪಿಎಂಸಿ ಯಾರ್ಡಿನ ಹತ್ತಿರ ಅರ್ಧ ಮೂಟೆ ತಂದು ಹಂಚಿಕೊಳ್ಳುತ್ತಿದ್ದೆವು. ಸಾರಿಗೆ ಉಪ್ಪು ಜಾಸ್ತಿ ಎಂದು ಅವರು, ಪಲ್ಯಕ್ಕೆ ಎಣ್ಣೆಯೇ ಇಲ್ಲ ಎಂದು ನಾನು, ದಿನವೂ ಒಂದು ವಾದ. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಶಾಲೆ ತೆರೆದ ಮೇಲೆ ಶುರುವಾದ ಜಗಳವನ್ನು ಕೇಳಿದವರು ನಂಬುವುದಿಲ್ಲ. ಹಾಲಿನ ರೇಟು ಏರಿದಾಗ, ಕರೆಂಟಿನ ರೇಟು ಏರಿದಾಗ, ಬಾಡಿಗೆ ಏರಿಸಿ ಎಂದು ನಾನೇ ಕೆಳಗಿಳಿದು ಕೇಳುತ್ತಿದ್ದೆ.

‘ನಿನ್ ಸಂಬಳ ಏರಿಸಿದ್ರಾ?’

‘ಇಲ್ಲ.’

‘ಮತ್ತೆ ಎಲ್ಲಿಂದ ತಂದ್ಕೊಡ್ತೀಯ? ಮಕ್ಕಳಿಗೆ ಎಬಿಸಿಡಿ ಹೇಳ್ಕೊಟ್ಟು ನಿಂಗೆ ತಲೆ ಕೆಟ್ಟಿದೆ. ಹೋಗು ಮೇಲಕ್ಕೆ.’

ಎದುರು ಮನೆಯ ಬಾಡಿಗೆಯವರು ವರ್ಷಕ್ಕೊಮ್ಮೆ ಓನರ್ ಏರಿಸುತ್ತಾರೆ ಎಂದು ಜಗಳ ಆಡುತ್ತಿದ್ದರೆ, ನಮ್ಮಲ್ಲಿ ಈ ಥರ. ಕೊನೆಗೆ ನಾನು ಊಟ ಬಿಟ್ಟು ಕೂತ ಮೇಲೆ ಒಂದು ಸಲ ಏರಿಸಿಕೊಂಡರು. ಏರಿಸಿಕೊಂಡ ಸಿಟ್ಟಿಗೆ ಎರಡು ದಿನ ಮಾತಾಡಲಿಲ್ಲ.

ಅವರ ಕಾಲು ಊದಿಕೊಳ್ಳಲು ಶುರುವಾದದ್ದು ಆಮೇಲೆ. ಹೆಬ್ಬಾಳದ ಆಸ್ಪತ್ರೆಯಲ್ಲಿ ಹೃದಯ ದಣಿದಿದೆ ಎಂದರು. ಅವರ ತಮ್ಮ ಕಾರು ತಂದು, ‘ಈಗಲಾದ್ರೂ ಬಾ ಅಕ್ಕ’ ಎಂದು ಬೇಡಿಕೊಂಡರು. ಓನರಮ್ಮ ಮಂಚದ ಮೇಲೆ ಕೂತೇ, ‘ಮೇಲ್ಗಡೆ ಅವಳಿದಾಳೆ ಕಣೋ, ನನಗೇನು’ ಎಂದರು. ಆ ಮಾತು ಕೇಳಿ ನಾನು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ. ಹೆತ್ತವರು ಬಿಟ್ಟರೆ ನನ್ನನ್ನು ನೆಚ್ಚಿ ಹಾಗೆ ಯಾರೂ ಹೇಳಿರಲಿಲ್ಲ.

ಮಲಗಿದ್ದು ಕೆಲವೇ ವಾರ. ಒಂದು ಮಧ್ಯಾಹ್ನ ಗಂಜಿ ತಿನ್ನಿಸುತ್ತಿದ್ದಾಗ, ‘ಬಾಡಿಗೆ ಏನಾದ್ರೂ ಬಾಕಿ ಇದೆಯೇನೇ?’ ಎಂದು ಕೇಳಿದರು. ಇಲ್ಲ ಎಂದೆ. ‘ಹಾಗಾದ್ರೆ ಆರಾಮಾಗಿ ಕೂತ್ಕೋ, ಯಾಕೆ ಒದ್ದಾಡ್ತೀಯ’ ಎಂದರು. ಅವರ ಆಸೆಯಂತೆ ಅವರ ಮನೆಯಲ್ಲೇ, ಅವರ ಮಂಚದಲ್ಲೇ ಹೋದರು. ಅಷ್ಟಾದರೂ ಆಯಿತಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ...

ತಿಥಿ ಮುಗಿದ ಮೇಲೆ ತಮ್ಮನ ಮಗ ಬಂದ. ಒಳ್ಳೆಯ ಹುಡುಗನೇ, ಮರ್ಯಾದೆಯಿಂದಲೇ ಮಾತಾಡಿದ. ನಾವು ಕೊಡುತ್ತಿದ್ದ ಬಾಡಿಗೆ ಕೇಳಿ ಅವನಿಗೆ ನಗು ಬಂತು. ‘ಅತ್ತೆಗೆ ಮಾರ್ಕೆಟ್ ರೇಟ್ ಗೊತ್ತಿರ್ಲಿಲ್ಲ ಅನ್ಸುತ್ತೆ ಆಂಟಿ’ ಎಂದ. ನನಗೆ ಮೈಯೆಲ್ಲ ಉರಿಯಿತು. ನಾನು ಅವನಿಗೆ, ‘ಗೊತ್ತಿತ್ತಪ್ಪ, ಬೇಡ ಅಂತ ಬಿಟ್ಟಿದ್ರು’ ಎಂದಷ್ಟೇ ಹೇಳಿದೆ. ಅವನು ಹೇಳಿದ ರೇಟು ನಮ್ಮ ಕೈಗೆ ಎಟುಕುವಂಥದ್ದಲ್ಲ. ಲೀಸಿನ ದುಡ್ಡು ಪೈಸೆ ಬಿಡದೆ ವಾಪಸ್ ಕೊಟ್ಟ, ನಾವು ಖಾಲಿ ಮಾಡಿದೆವು.

ಈಗ ತಣಿಸಂದ್ರದಲ್ಲಿ, ಆ ಲೀಸಿನ ದುಡ್ಡನ್ನೇ ಮುಂಗಡ ಕಟ್ಟಿ ಕೊಂಡ, ನಮ್ಮದೇ ಒಂದು ಪುಟ್ಟ ಫ್ಲಾಟಿದೆ. ನಮ್ಮದೇ ಎನ್ನುವುದು ಮಾತಿಗೆ, ಬ್ಯಾಂಕಿನದು ಎಂದರೆ ಸರಿ. ಬಡ್ಡಿ ಏರಿದಾಗ ಕಂತು ಏರಿಸುವುದಿಲ್ಲ, ಕಟ್ಟಬೇಕಾದ ವರ್ಷಗಳನ್ನು ಏರಿಸುತ್ತಾರೆ. ಯಜಮಾನರು ರಿಟೈರ್ ಆದ ಮೇಲೂ ಕಂತು ಮುಗಿಯುವುದಿಲ್ಲವಂತೆ. ಇಂಥದ್ದನ್ನೆಲ್ಲ ಯಾರ ಹತ್ತಿರ ಹೇಳಿಕೊಂಡು ನಗುವುದು? ಮೇಲಿನ ಮನೆಯವರ ಹೆಸರೂ ನನಗೆ ಗೊತ್ತಿಲ್ಲ.

ಆ ದಿನ ಕಾಫಿಪುಡಿ ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗಲು ಮನಸ್ಸಾಗಲಿಲ್ಲ. ಹೆಬ್ಬಾಳಕ್ಕೆ ಬಂದು ಯಶವಂತಪುರದ ಬಸ್ಸು ಹತ್ತಿದೆ. ಮನೆಗೆ ಬಣ್ಣ ಬಳಿಸಿದ್ದಾರೆ, ಗೇಟು ಹೊಸದು. ಗೇಟಿಗೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು, ಕೆಳಗೊಂದು ನಂಬರ್. ಏನು ಅನ್ನಿಸಿತೋ, ಅಲ್ಲಿ ನಿಂತೇ ಫೋನ್ ಮಾಡಿದೆ. ಯಾರೋ ಬ್ರೋಕರ್ ಎತ್ತಿಕೊಂಡ.

‘ಯಾವ್ದು ನೋಡ್ತೀರಾ ಮೇಡಂ, ಮೇಲಿಂದಾ ಕೆಳಗಿಂದಾ? ಎರಡೂ ಖಾಲಿ ಇದೆ.’

ಯಾವಾಗಿನಿಂದ ಎಂದು ಕೇಳಿದೆ.

‘ತುಂಬಾ ದಿನ ಆಯ್ತು ಮೇಡಂ. ಬಂದವ್ರೆಲ್ಲ ರೇಟ್ ಕೇಳಿ ವಾಪಸ್ ಹೋಗ್ತಾರೆ.’

ಕೆಳಗಿನ ಮನೆಯ ಬಾಗಿಲಿಗೆ ಬೀಗ ಹಾಕಿತ್ತು, ಹೊಸ್ತಿಲ ಮೇಲೆ ಧೂಳು. ಆ ಬಾಗಿಲಿಗೆ ಬೀಗ ಬೀಳಬಾರದು ಎಂದೇ ಅಲ್ಲವೇ ನಾವಿಬ್ಬರೂ ಅಷ್ಟು ವರ್ಷ ಲೆಕ್ಕ ಹಾಕಿದ್ದು, ಜಗಳ ಆಡಿದ್ದು... ಬೇಡ ಬಿಡಿ ಎಂದು ಫೋನ್ ಇಟ್ಟೆ. ಆ ಹೊಸ ಗೇಟನ್ನು ಹಿಡಿದುಕೊಂಡು, ಬೀದಿಯಲ್ಲಿ ಜನ ಓಡಾಡುತ್ತಿದ್ದಾರೆ ಎಂಬುದನ್ನೂ ನೋಡದೆ ಅತ್ತುಬಿಟ್ಟೆ.